ಎಂಟರಲ್ಲಿ ಐದು ಸೋತವರ ಗೆಲುವು: ಜ್ಞಾನಭಾರತಿ ನಮಗೆ ಹೇಳುವುದೇನು?

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ವಿಜಯನಗರ, ನಾಗರಬಾವಿ, ಕೆಂಗೇರಿ ಕಡೆಯ ನಮಗೆ ಈ ಗಾದೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಮೈಸೂರು ರಸ್ತೆಯ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವವರನ್ನು ಜ್ಞಾನಭಾರತಿಯಲ್ಲಿ ಏನಿದೆ ಅಂತ ಕೇಳಿ ನೋಡಿ. ಯೂನಿವರ್ಸಿಟಿ ಇದೆ, ಮರ ಇವೆ, ಬೆಳಗ್ಗೆ ವಾಕಿಂಗ್ ಹೋಗುವವರಿದ್ದಾರೆ ಅಂತ ಹೇಳುತ್ತಾರೆ. ಅಲ್ಲೇ ಭಾರತ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ ಇದೆ, ದೇಶದ ಹಾಕಿ ತಂಡಗಳು ತಿಂಗಳುಗಟ್ಟಲೆ ಅಲ್ಲೇ ಉಂಡು, ಮಲಗಿ, ಆಡಿ ಒಲಿಂಪಿಕ್ಸಿಗೆ ಹೋಗುತ್ತವೆ ಅನ್ನುವವರು ಹತ್ತರಲ್ಲಿ ಒಬ್ಬರು ಸಿಕ್ಕರೆ ಹೆಚ್ಚು.

2021ರ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದು ದೇಶವನ್ನೇ ಬೆರಗುಗೊಳಿಸಿದ ಹೆಂಗಸರ ಹಾಕಿ ತಂಡ ಪಳಗಿದ್ದು ಇದೇ ಅಂಗಳದಲ್ಲಿ. ಪದಕ ಬರಲಿಲ್ಲ, ನಿಜ. ಆದರೂ ಆ ಹದಿನೈದು ದಿನದ ಲೆಕ್ಕವನ್ನು ಈಗ ಮತ್ತೆ ತೆಗೆದು ನೋಡಬೇಕಾಗಿದೆ. ಅದರಲ್ಲಿ ನಮ್ಮ ಪಶ್ಚಿಮ ಬೆಂಗಳೂರಿಗೆ ಒಂದು ಹೆಮ್ಮೆಯೂ ಇದೆ, ಒಂದು ಬಾಕಿಯೂ ಇದೆ.

ಕೊನೆಯ ಬೆಂಚಿನ ತಂಡ

ಮೊದಲು ಹಳೆಯ ಖಾತೆ. ಒಲಿಂಪಿಕ್ಸಿನಲ್ಲಿ ಹೆಂಗಸರ ಹಾಕಿ ಶುರುವಾದದ್ದೇ 1980ರಲ್ಲಿ, ಮಾಸ್ಕೋದಲ್ಲಿ. ಆಗ ಆಡಿದ್ದು ಆರೇ ತಂಡ, ನಮ್ಮವರು ನಾಲ್ಕನೆಯವರು. ಅಲ್ಲಿಂದ ಮುಂದೆ 36 ವರ್ಷ ಒಲಿಂಪಿಕ್ಸಿನ ಬಾಗಿಲೇ ತೆರೆಯಲಿಲ್ಲ. 2016ರಲ್ಲಿ ರಿಯೊಗೆ ಹೋದರು. ಐದು ಪಂದ್ಯ ಆಡಿದರು. ಜಪಾನಿನ ಮೇಲೆ 2-2 ಸಮ, ಉಳಿದ ನಾಲ್ಕೂ ಸೋಲು. ಹೊಡೆದದ್ದು 3 ಗೋಲು, ತಿಂದದ್ದು 19. ಹನ್ನೆರಡು ತಂಡದಲ್ಲಿ ಹನ್ನೆರಡನೇ ಸ್ಥಾನ. ಕ್ಲಾಸಿನಲ್ಲಿ ಕೊನೇ ಬೆಂಚು ಅಂತಾರಲ್ಲ, ಅದೇ.

ಟೋಕಿಯೊಗೆ ಟಿಕೆಟ್ ಸಿಕ್ಕಿದ್ದೂ ಕೂದಲೆಳೆಯಲ್ಲಿ. 2019ರ ನವೆಂಬರಿನಲ್ಲಿ ಭುವನೇಶ್ವರದಲ್ಲಿ ಅಮೆರಿಕದ ಮೇಲೆ ಎರಡು ಪಂದ್ಯ. ಎರಡರ ಗೋಲು ಕೂಡಿಸಿ ತೀರ್ಮಾನ. ಮೊದಲ ದಿನ 5-1ರಿಂದ ಗೆದ್ದರು. ಇನ್ನೇನು ಆಯ್ತು ಅನ್ನುವಾಗ ಮರುದಿನ ಅಮೆರಿಕದವರು ನಾಲ್ಕು ಗೋಲು ಹೊಡೆದು ಲೆಕ್ಕ ಸಮ ಮಾಡಿದರು. ಕಡೆಗೆ ನಾಯಕಿ ರಾಣಿ ರಾಂಪಾಲ್ ಹೊಡೆದ ಒಂದು ಗೋಲು ಕಾಪಾಡಿತು. ಒಟ್ಟು 6-5. ಆ ಒಂದು ಗೋಲು ಇಲ್ಲದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಬಾಗಿಲು ಮುಚ್ಚಿದ ಅಂಗಳ

ಆಮೇಲೆ ಬಂತು ಕೊರೊನಾ. 2020ರ ಮಾರ್ಚಿನಲ್ಲಿ ದೇಶ ಬಾಗಿಲು ಹಾಕಿದಾಗ ಗಂಡಸರ ತಂಡ, ಹೆಂಗಸರ ತಂಡ ಎರಡೂ ಜ್ಞಾನಭಾರತಿಯ ಕೇಂದ್ರದಲ್ಲೇ ಸಿಕ್ಕಿಕೊಂಡವು. ರಾಜಾಜಿನಗರದಲ್ಲಿ ನಾವು ಅಂಗಡಿ ಶಟರ್ ಎಳೆದು ಬಾಡಿಗೆಗೆ ಏನು ಮಾಡೋದು ಅಂತ ಕೂತಿದ್ದ ಹೊತ್ತು ಅದು. ಆ ಹುಡುಗಿಯರು ಊರಿಗೆ ಹೋಗಲಾರದೆ, ಮೈದಾನಕ್ಕೆ ಇಳಿಯಲಾರದೆ ಕೋಣೆಗಳಲ್ಲಿ ಕಸರತ್ತು ಮಾಡುತ್ತಿದ್ದರು. ಒಲಿಂಪಿಕ್ಸೇ ಒಂದು ವರ್ಷ ಮುಂದಕ್ಕೆ ಹೋಯಿತು. ಅವರು ಊರು ಕಂಡಿದ್ದು ಜೂನ್ ತಿಂಗಳಲ್ಲಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬಂದಿಯಾಗಿ ಕೂತಿದ್ದಾಗಲೇ ಈ ಹುಡುಗಿಯರು ಹದಿನೆಂಟು ದಿನದ ಕಸರತ್ತಿನ ಪಂಥ ಕಟ್ಟಿ, ಜನರಿಂದ 20 ಲಕ್ಷ ರೂಪಾಯಿ ಎತ್ತಿ, ಹೊಟ್ಟೆಗಿಲ್ಲದ ವಲಸೆ ಕಾರ್ಮಿಕರಿಗೂ ಕೊಳೆಗೇರಿಯವರಿಗೂ ಕೊಟ್ಟರು. ಇವರಲ್ಲಿ ಬಹಳ ಮಂದಿಯ ಮನೆಯಲ್ಲಿ ಹಸಿವು ಅಂದರೇನು ಅಂತ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ರಾಣಿಯವರ ತಂದೆ ಗಾಡಿ ಎಳೆದು ಸಂಸಾರ ಸಾಕಿದವರು.

2021ರ ಏಪ್ರಿಲಿನಲ್ಲಿ ರಜೆ ಮುಗಿಸಿ ಶಿಬಿರಕ್ಕೆ ಬಂದಾಗ ರಾಣಿ ಸೇರಿ ಏಳು ಜನ ಆಟಗಾರ್ತಿಯರಿಗೆ ಸೋಂಕು. ಮೇ ತಿಂಗಳಲ್ಲಿ ವಂದನಾ ಕಟಾರಿಯಾ ಅವರ ತಂದೆ ಹರಿದ್ವಾರದ ಹತ್ತಿರದ ಊರಿನಲ್ಲಿ ತೀರಿಕೊಂಡರು. ಮಗಳು ಇಲ್ಲಿ ನಮ್ಮ ಮಗ್ಗುಲಲ್ಲೇ ಶಿಬಿರದಲ್ಲಿದ್ದರು. ಕೊರೊನಾ ಕಟ್ಟುಪಾಡು; ಕೊನೆಯ ಸಲ ಮುಖ ನೋಡಲು ಹೋಗಲಾಗಲಿಲ್ಲ. ಅದಕ್ಕೆ ಎರಡು ತಿಂಗಳ ಮೇಲೆ ಆಕೆ ಟೋಕಿಯೊದಲ್ಲಿ ಏನು ಮಾಡಿದರು ಅನ್ನೋದು ಮುಂದೆ ಬರುತ್ತೆ.

ಮೂರು ಸೋಲು, ಆಮೇಲೆ ಮೂರು ಗೆಲುವು

ಟೋಕಿಯೊದಲ್ಲಿ ಹನ್ನೆರಡು ತಂಡ, ಆರಾರರ ಎರಡು ಗುಂಪು. ಒಂದೊಂದು ಗುಂಪಿನಲ್ಲಿ ಮೊದಲ ನಾಲ್ಕು ತಂಡ ಕ್ವಾರ್ಟರ್ ಫೈನಲ್ಲಿಗೆ. ಜುಲೈ 24ರಂದು ನೆದರ್ಲೆಂಡ್ಸ್ ಮೇಲೆ 1-5 ಸೋಲು. 26ರಂದು ಜರ್ಮನಿಗೆ 0-2. 28ರಂದು ಬ್ರಿಟನ್ನಿಗೆ 1-4. ಮೂರು ಪಂದ್ಯ, ಮೂರೂ ಸೋಲು. ಹೊಡೆದದ್ದು ಎರಡು, ತಿಂದದ್ದು ಹನ್ನೊಂದು. ರಿಯೊ ಕಥೆಯೇ ಮತ್ತೆ ಅಂತ ಪೇಪರಿನವರೂ ಕೈ ಬಿಟ್ಟರು.

ಇನ್ನು ಉಳಿದದ್ದು ಎರಡು ಪಂದ್ಯ. ಎರಡನ್ನೂ ಗೆಲ್ಲಬೇಕು, ಮೇಲೆ ಬೇರೆಯವರ ದಯೆಯೂ ಬೇಕು. 30ರಂದು ಐರ್ಲೆಂಡ್ ಮೇಲೆ ಮುಗಿಯಲು ಮೂರು ನಿಮಿಷ ಇದೆ ಅನ್ನುವಾಗ ನವನೀತ್ ಕೌರ್ ಗೋಲು ಹೊಡೆದರು: 1-0. ಮರುದಿನ ದಕ್ಷಿಣ ಆಫ್ರಿಕಾದ ಮೇಲೆ 4-3. ಆ ನಾಲ್ಕರಲ್ಲಿ ಮೂರು ಗೋಲು ವಂದನಾ ಕಟಾರಿಯಾ ಅವರದು. ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಹೆಣ್ಣುಮಗಳು ಆಕೆ. ಅಂದೇ ಸಂಜೆ ಬ್ರಿಟನ್ ತಂಡ ಐರ್ಲೆಂಡನ್ನು 2-0ರಿಂದ ಸೋಲಿಸಿತು. ಭಾರತ ಗುಂಪಿನ ನಾಲ್ಕನೇ ತಂಡವಾಗಿ ಒಳಗೆ ಬಂತು. ಹೊರಡುವ ಬಸ್ಸಿನ ಫುಟ್‌ಬೋರ್ಡ್ ಹಿಡಿದ ಹಾಗೆ.

ಎದುರಿಗೆ ಆಸ್ಟ್ರೇಲಿಯಾ. ಗುಂಪಿನ ಐದಕ್ಕೆ ಐದೂ ಗೆದ್ದ ತಂಡ. ಐದು ಪಂದ್ಯದಲ್ಲಿ ತಿಂದದ್ದು ಒಂದೇ ಗೋಲು. ಆಗಸ್ಟ್ 2, ಸೋಮವಾರ, ನಮ್ಮ ಬೆಳಗಿನ ಎಂಟೂವರೆ ಗಂಟೆ, ಆಫೀಸಿಗೆ ಹೊರಡುವ ಹೊತ್ತು. 22ನೇ ನಿಮಿಷದಲ್ಲಿ ಪೆನಾಲ್ಟಿ ಕಾರ್ನರಿನಿಂದ ಗುರ್ಜೀತ್ ಕೌರ್ ಒಂದು ಗೋಲು ಹೊಡೆದರು. ಉಳಿದ ಹೊತ್ತೆಲ್ಲ ತಡೆಯುವುದೇ ಕೆಲಸ. ಆಸ್ಟ್ರೇಲಿಯಾದವರಿಗೆ ಏಳು ಪೆನಾಲ್ಟಿ ಕಾರ್ನರ್ ಸಿಕ್ಕವು. ಹಾಕಿ ಗೊತ್ತಿಲ್ಲದವರಿಗೆ ಹೇಳಬೇಕಾದರೆ, ಪೆನಾಲ್ಟಿ ಕಾರ್ನರ್ ಅಂದರೆ ಅರ್ಧ ಗೋಲು ಕೈಗೆ ಕೊಟ್ಟ ಹಾಗೆ: ಗೋಲಿ ಸೇರಿ ಐದೇ ಜನ ತಡೆಯಬೇಕು, ಉಳಿದವರೆಲ್ಲ ನಡುಗೆರೆ ಆಚೆ ನಿಂತು ನೋಡಬೇಕು. ಏಳರಲ್ಲಿ ಒಂದೂ ಒಳಗೆ ಹೋಗಲಿಲ್ಲ. ಗೋಲಿ ಸವಿತಾ ಪೂನಿಯಾ ಗೋಡೆಯಂತೆ ನಿಂತರು. 1-0. ಭಾರತದ ಹೆಂಗಸರು ಮೊದಲ ಸಲ ಒಲಿಂಪಿಕ್ಸ್ ಸೆಮಿಫೈನಲ್ಲಿಗೆ.

ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತು. ಸೆಮಿಫೈನಲಿನಲ್ಲಿ ಅರ್ಜೆಂಟೀನಕ್ಕೆ 1-2. ಆಗಸ್ಟ್ 6ರಂದು ಕಂಚಿಗಾಗಿ ಬ್ರಿಟನ್ ಜೊತೆ: 0-2 ಹಿಂದೆ ಇದ್ದವರು ವಿರಾಮದ ಹೊತ್ತಿಗೆ 3-2 ಮುಂದೆ ಬಂದರು, ಕಡೆಗೆ 3-4.

ಈಗ ವ್ಯಾಪಾರಿ ಲೆಕ್ಕ ಹಾಕಿ. ಎಂಟು ಪಂದ್ಯ, ಮೂರು ಗೆಲುವು, ಐದು ಸೋಲು. ಕಾಗದದ ಮೇಲೆ ಇದು ನಷ್ಟದ ಅಂಗಡಿ. ಆದರೆ ಮೂರು ಸೋಲು ತಿಂದ ಮೇಲೆ, ಸೋತರೆ ಮನೆಗೆ ಅನ್ನುವ ಮೂರು ಪಂದ್ಯವನ್ನು ಸಾಲಾಗಿ ಗೆದ್ದರು. ಅದೃಷ್ಟ ಅಂತ ಒಂದು ಪಂದ್ಯಕ್ಕೆ ಹೇಳಬಹುದು. ಮೂರಕ್ಕೂ ಹೇಳಿದರೆ ಅದು ಆ ಹುಡುಗಿಯರಿಗೆ ಮಾಡುವ ಅನ್ಯಾಯ.

ಪವಾಡ ಅಲ್ಲ, ಪಾಠ

ಹಾಗಾದರೆ ಏನದು? ನೋಡಿ, 2021ರ ಮೊದಲ ಮೂರು ತಿಂಗಳಲ್ಲಿ ಈ ತಂಡ ಅರ್ಜೆಂಟೀನಕ್ಕೂ ಜರ್ಮನಿಗೂ ಹೋಗಿ ಬಂತು. ಜರ್ಮನಿಯಲ್ಲಿ ನಾಲ್ಕು ಪಂದ್ಯ, ನಾಲ್ಕೂ ಸೋಲು. ತರಬೇತುದಾರ ಶೋರ್ಡ್ ಮರೈನ್ ಎಂಬ ಡಚ್ಚರವನು ತಂಡವನ್ನು ಬೇಕಂತಲೇ ಬಲಿಷ್ಠರ ಎದುರಿಗೆ ನಿಲ್ಲಿಸಿದ. ದುರ್ಬಲರ ಮೇಲೆ ಗೆದ್ದು ಫೋಟೋ ತೆಗೆಸಿಕೊಳ್ಳುವ ಚಾಳಿ ನಮ್ಮಲ್ಲಿ ಬಹಳ, ಅದನ್ನು ಮಾಡಲಿಲ್ಲ. ವೇಯ್ನ್ ಲೊಂಬಾರ್ಡ್ ಎಂಬ ದಕ್ಷಿಣ ಆಫ್ರಿಕಾದವರು ಮೈ ಹುರಿಮಾಡುವ ಕೆಲಸ ನೋಡಿಕೊಂಡರು. ರಿಯೊದಲ್ಲಿ ಕೊನೆಯ ಹೊತ್ತಿಗೆ ಏದುಸಿರು ಬಿಡುತ್ತಿದ್ದ ತಂಡ ಟೋಕಿಯೊದಲ್ಲಿ 57ನೇ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆಯಿತು. ಅಲ್ಲಿಗೆ ವ್ಯತ್ಯಾಸ ಏನು ಅಂತ ತಿಳಿಯುತ್ತೆ.

ಎರಡನೆಯದು ಹಣ. 2018ರಿಂದ ರಾಷ್ಟ್ರೀಯ ಹಾಕಿ ತಂಡಗಳ ಪ್ರಾಯೋಜಕರು ಒಡಿಶಾ ಸರ್ಕಾರ. ನಮಗಿಂತ ಬಡ ರಾಜ್ಯ ಅಂತ ನಾವು ಮೂಗು ಮುರಿಯುವ ಒಡಿಶಾ.

ಮೂರನೆಯದು ಒಂದೇ ಕಡೆ ಒಟ್ಟಿಗೆ ಇರುವುದು. ಒಂದೇ ಅಡುಗೆ, ಒಂದೇ ಅಂಗಳ, ಒಂದೇ ಗುರು. ಇದಕ್ಕೆ ಜಾಗ ಕೊಟ್ಟದ್ದು ಜ್ಞಾನಭಾರತಿ. ಬೆಂಗಳೂರಿನ ಹವೆ ಒಳ್ಳೇದು ಅಂತ ಪಿಂಚಣಿದಾರರು ಇಲ್ಲಿ ಬಂದು ಮನೆ ಕಟ್ಟಿದರು. ಅದೇ ಹವೆ ಆಟಗಾರರಿಗೂ ಒಗ್ಗುತ್ತೆ. ಬಿಸಿಲಿಗೆ ಕುಸಿಯದೆ ವರ್ಷದ ಬಹುಪಾಲು ದಿನ ಎರಡು ಹೊತ್ತು ಆಡಬಹುದು.

ಒಟ್ಟಿನಲ್ಲಿ ಒಡಿಶಾದ ಹಣ, ಹಾಲೆಂಡಿನ ಮೇಷ್ಟ್ರು, ಹರಿಯಾಣದ ಹುಡುಗಿಯರು, ಬೆಂಗಳೂರಿನ ಅಂಗಳ. ಇದಿಷ್ಟು ಸೇರಿ ಆದದ್ದು ಟೋಕಿಯೊ.

ನಮ್ಮದು ಅಂಗಳ ಮಾತ್ರ

ಇಲ್ಲಿಗೆ ಬಂತು ಬಾಕಿಯ ಮಾತು. ಟೋಕಿಯೊಗೆ ಆರಿಸಿದ ಹದಿನಾರು ಜನರ ಪಟ್ಟಿ ನೋಡಿ. ಹರಿಯಾಣದವರೇ ಒಂಬತ್ತು. ಉಳಿದವರು ಜಾರ್ಖಂಡ್, ಒಡಿಶಾ, ಪಂಜಾಬ್, ಉತ್ತರಾಖಂಡ, ಮಣಿಪುರ, ಮಿಜೋರಾಂ ಕಡೆಯವರು. ಕರ್ನಾಟಕದವರು? ಒಬ್ಬರೂ ಇಲ್ಲ. ಅದೇ ಒಲಿಂಪಿಕ್ಸಿನಲ್ಲಿ 41 ವರ್ಷದ ಮೇಲೆ ಕಂಚು ಗೆದ್ದ ಗಂಡಸರ ತಂಡದಲ್ಲೂ ನಮ್ಮ ರಾಜ್ಯದವರಿಲ್ಲ. ರಿಯೊಗೆ ಹೋದ ಗಂಡಸರ ತಂಡದಲ್ಲಿ ಎಸ್.ವಿ. ಸುನಿಲ್, ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ನಾಲ್ಕು ಜನ ಇದ್ದರು. ಐದು ವರ್ಷದಲ್ಲಿ ನಾಲ್ಕು ಹೋಗಿ ಸೊನ್ನೆಯಾಯಿತು.

ಹೆಂಗಸರ ಹಾಕಿಯಲ್ಲಿ ನಾವು ಮೊದಲಿಂದಲೂ ಹೀಗೇ ಅಂದುಕೊಳ್ಳಬೇಡಿ. ಬೆಂಗಳೂರಿನ ಎಲ್ವೆರಾ ಬ್ರಿಟೊ ಎಂಬ ಹೆಣ್ಣುಮಗಳು 1960ರಿಂದ 1967ರವರೆಗೆ ಮೈಸೂರು ರಾಜ್ಯದ ತಂಡವನ್ನು ನಡೆಸಿ ಸಾಲಾಗಿ ಏಳು ಸಲ ರಾಷ್ಟ್ರೀಯ ಪ್ರಶಸ್ತಿ ತಂದರು. ಏಳು ಸಲ! ಆಕೆಯ ತಂಗಿಯರಾದ ರೀಟಾ, ಮೇ ಇಬ್ಬರೂ ಆಡಿದವರೇ. ಎಲ್ವೆರಾ ಅವರಿಗೆ 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು. 2022ರ ಏಪ್ರಿಲಿನಲ್ಲಿ ಇದೇ ಊರಲ್ಲಿ ತೀರಿಕೊಂಡರು. ಟೋಕಿಯೊ ಹುಡುಗಿಯರನ್ನು ಟಿ.ವಿ.ಯಲ್ಲಿ ನೋಡಿ ಚಪ್ಪಾಳೆ ಹೊಡೆದ ನಮ್ಮಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತಿತ್ತು?

ಅಂದರೆ ದೇಶಕ್ಕೇ ಹಾಕಿ ಹೇಳಿಕೊಟ್ಟ ಊರು ಈಗ ಹಾಕಿ ಆಡುವವರಿಗೆ ಛತ್ರ ಕೊಡುವ ಊರಾಗಿದೆ. ಮದುವೆ ಬೇರೆಯವರದು.

ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಬೆಂಗಳೂರಿನ ಹಾಕಿ ಮೊದಲಿಂದ ದಂಡು ಪ್ರದೇಶದ ಆಟ. ಈಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹಾಕಿ ಕ್ರೀಡಾಂಗಣ ಇರುವುದೂ ಅಕ್ಕಿತಿಮ್ಮನಹಳ್ಳಿಯಲ್ಲಿ. ಬಸವೇಶ್ವರನಗರದ ಹುಡುಗಿ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಹೋಮ್‌ವರ್ಕು ಬಿಡಿ, ಊಟದ ಹೊತ್ತೂ ಮೀರಿರುತ್ತೆ. ಮಿಕ್ಕ ಭಾರವನ್ನೆಲ್ಲ ಕೊಡಗಿನ ಮೇಲೆ ಹಾಕಿ ಕೂತೆವು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ ಹೀಗೆ ಕೊಡಗು ಕೊಡುತ್ತಲೇ ಬಂತು. 1997ರಲ್ಲಿ 60 ಕುಟುಂಬಗಳಿಂದ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 2024ರಲ್ಲಿ 360 ತಂಡ ಬಂದವು. ಅಲ್ಲಿ ಮನೆಮನೆಯಲ್ಲಿ ಸ್ಟಿಕ್ಕು ಇದೆ. ಆದರೆ ಒಂದು ಪುಟ್ಟ ಜಿಲ್ಲೆ ಇಡೀ ರಾಜ್ಯಕ್ಕೆ ಎಷ್ಟು ದಿನ ಪಡಿ ಅಳೆಯಬೇಕು?

ಶಹಾಬಾದಿನ ಉದಾಹರಣೆ

ರಾಣಿ ರಾಂಪಾಲ್, ನವಜೋತ್ ಕೌರ್, ನವನೀತ್ ಕೌರ್. ಮೂವರೂ ಒಂದೇ ಊರಿನವರು. ಹರಿಯಾಣದ ಕುರುಕ್ಷೇತ್ರ ಜಿಲ್ಲೆಯ ಶಹಾಬಾದ್. ನಮ್ಮ ಕಲಬುರಗಿಯ ಶಹಾಬಾದ್ ಅಲ್ಲ, ಆದರೆ ಅಂಥದೇ ಒಂದು ಸಣ್ಣ ಪಟ್ಟಣ. ಅಲ್ಲಿ ಬಲದೇವ್ ಸಿಂಗ್ ಎಂಬ ಒಬ್ಬ ಹಟವಾದಿ ಮೇಷ್ಟ್ರು ಇದ್ದರು. ಹೊತ್ತಿಗೆ ಮೊದಲೇ ಮೈದಾನದಲ್ಲಿ ಇರಬೇಕು, ಇಲ್ಲದಿದ್ದರೆ ಮನೆಗೆ ಹೋಗು ಅನ್ನುವ ಜಾತಿ. ಅಲ್ಲೇ ಸೋನಿಪತ್ತಿನಲ್ಲಿ ಭಾರತದ ಮಾಜಿ ನಾಯಕಿ ಪ್ರೀತಂ ಸಿವಾಚ್ ಹುಡುಗಿಯರಿಗೆ ಹೇಳಿಕೊಡುತ್ತಾರೆ. ಟೋಕಿಯೊ ತಂಡದ ನೇಹಾ ಗೋಯಲ್, ನಿಶಾ ವಾರ್ಸಿ ಅಲ್ಲಿಂದ ಬಂದವರು. ಜಾರ್ಖಂಡದ ಸಿಮ್ಡೇಗಾ ಕಡೆ ಹಳ್ಳಿ ಪಂದ್ಯದಲ್ಲಿ ಗೆದ್ದ ತಂಡಕ್ಕೆ ಬಹುಮಾನ ಒಂದು ಮೇಕೆ. ಮಕ್ಕಳು ಬಿದಿರಿನ ಕೋಲು ಬಗ್ಗಿಸಿಕೊಂಡು ಮಣ್ಣಿನ ಬಯಲಿನಲ್ಲಿ ಆಡುತ್ತಾರೆ. ಸಲೀಮಾ ಟೆಟೆ ಬಂದದ್ದು ಅಂಥ ಮಣ್ಣಿನಿಂದ. ಆಮೇಲೆ ಆಕೆ ದೇಶದ ನಾಯಕಿಯೂ ಆದರು.

ಈ ಮೂರೂ ಕಡೆ ಇದ್ದದ್ದು ಮೂರೇ ಸಾಮಾನು: ಮನೆಗೆ ಹತ್ತಿರದ ಬಯಲು, ದಿನಾ ಬರುವ ಒಬ್ಬ ಮೇಷ್ಟ್ರು, ಆಡಿದರೆ ಮುಂದೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ಕೆಲಸ ಸಿಕ್ಕೀತು ಅನ್ನುವ ಆಸೆ. ಕೋಟಿ ಬೆಲೆಯ ಟರ್ಫು ಆಮೇಲಿನ ಮಾತು.

ಪಶ್ಚಿಮ ಬೆಂಗಳೂರಿನಲ್ಲಿ ಈ ಮೂರರಲ್ಲಿ ಯಾವುದಿದೆ? ಬಯಲು ಇಲ್ಲವೆಂದಲ್ಲ. ವಿಜಯನಗರದಲ್ಲಿ, ರಾಜಾಜಿನಗರದಲ್ಲಿ ಹೆಸರಿರುವ ಮೈದಾನಗಳೇ ಇವೆ. ಆದರೆ ಭಾನುವಾರ ಬೆಳಗ್ಗೆ ಹೋಗಿ ನೋಡಿ: ಒಂದೇ ಬಯಲಿನಲ್ಲಿ ಹತ್ತು ಕ್ರಿಕೆಟ್ ಪಂದ್ಯ, ಒಂದರ ಫೀಲ್ಡರು ಇನ್ನೊಂದರ ವಿಕೆಟ್ ಮುಂದೆ. ಉಳಿದ ದಿನ ಪೆಂಡಾಲು, ಮೇಳ, ಸಭೆ. ಅಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಅಂತ ಎಣಿಸಿ. ಎಣಿಸಲು ಒಂದು ಕೈಯ ಬೆರಳು ಸಾಕು. ಎಂಟನೇ ಕ್ಲಾಸಿಗೆ ಬಂದ ಕೂಡಲೆ ಹುಡುಗಿ ಟ್ಯೂಷನ್ನಿಗೆ, ಹುಡುಗ ಬ್ಯಾಟು ಹಿಡಿದು ಬಯಲಿಗೆ. ಇದು ಯಾರೂ ಬರೆಯದ ಕಾನೂನು, ಎಲ್ಲರೂ ಪಾಲಿಸುವ ಕಾನೂನು.

ಅಂಗಡಿಯವರ ಕೈಯಲ್ಲೂ ಇದೆ

ಇದಕ್ಕೆ ಒಂದು ಅಡ್ಡ ಪ್ರಶ್ನೆ ಬರುತ್ತೆ. "ಅಲ್ಲ ಸ್ವಾಮಿ, ಜ್ಞಾನಭಾರತಿಯ ಕೇಂದ್ರ ಇಡೀ ದೇಶದ್ದು. ನಮ್ಮ ಏರಿಯಾದ ಹುಡುಗಿಯರಿಗೆ ಕೊಡಿ ಅಂತ ಕೇಳೋಕಾಗುತ್ತಾ?" ಸರಿಯಾದ ಮಾತು. ರಾಷ್ಟ್ರೀಯ ತಂಡದ ಟರ್ಫನ್ನು ಯಾರೂ ಕೇಳುತ್ತಿಲ್ಲ. ಆದರೆ ಕ್ರೀಡಾ ಪ್ರಾಧಿಕಾರಕ್ಕೆ 'ಕಮ್ ಅಂಡ್ ಪ್ಲೇ' ಅನ್ನುವ ಯೋಜನೆಯೇ ಇದೆ. ತನ್ನ ಮೈದಾನಗಳಲ್ಲಿ ಸುತ್ತಮುತ್ತಲ ಮಕ್ಕಳು ಬಂದು ಕಲಿಯಲಿ ಅಂತ ಮಾಡಿದ್ದು. ಹತ್ತಿರದ ಸರ್ಕಾರಿ ಶಾಲೆಗಳ ಮುಖ್ಯೋಪಾಧ್ಯಾಯರು ಒಂದು ಅರ್ಜಿ ಬರೆದು, ವಾರಕ್ಕೊಂದು ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ಆಟ ತೋರಿಸಲು ಯಾವ ಕೋಟಿಯೂ ಬೇಡ. ತಂಡ ಅಭ್ಯಾಸ ಮಾಡುವುದನ್ನು ಗೆರೆ ಆಚೆ ನಿಂತು ನೋಡಿದರೂ ಒಂದು ಹುಡುಗಿಯ ತಲೆಯಲ್ಲಿ ಹುಳ ಬಿಟ್ಟ ಹಾಗಾಗುತ್ತೆ.

ದಾರಿಯೂ ಈಗ ಹತ್ತಿರ. ಟೋಕಿಯೊದಲ್ಲಿ ಕಂಚು ತಪ್ಪಿದ ತಿಂಗಳಲ್ಲೇ, 2021ರ ಆಗಸ್ಟ್ 29ರಂದು, ಮೈಸೂರು ರಸ್ತೆಯಿಂದ ಕೆಂಗೇರಿಗೆ ಮೆಟ್ರೊ ಉದ್ಘಾಟನೆಯಾಯಿತು. ಜ್ಞಾನಭಾರತಿ ಅಂತಲೇ ಒಂದು ನಿಲ್ದಾಣ ಇದೆ. ವಿಜಯನಗರದಲ್ಲಿ ಹತ್ತಿದರೆ ಕೂರಲು ಜಾಗ ಹುಡುಕುವಷ್ಟರಲ್ಲಿ ಬಂದುಬಿಡುತ್ತೆ.

ಇನ್ನೊಂದು ಸಂಗತಿ. 2025ರ ಸೆಪ್ಟೆಂಬರಿನಲ್ಲಿ ಹಳೇ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದವು. ಪಶ್ಚಿಮಕ್ಕೇ ಅಂತ ಒಂದು ನಗರ ಪಾಲಿಕೆ ಬಂತು. ಇಷ್ಟು ದಿನ ಏನು ಕೇಳಿದರೂ ಕಾರ್ಪೊರೇಷನ್ ಸರ್ಕಲ್ ಕಡೆ ಕೈ ತೋರಿಸುತ್ತಿದ್ದರು. ಇನ್ನು ಆ ಸಬೂಬು ನಡೆಯದು. ಓಟು ಕೇಳಲು ಬರುವವರಿಗೆ ಚರಂಡಿ, ಕಸ, ಬೀದಿದೀಪದ ಜೊತೆಗೆ ಇದನ್ನೂ ಕೇಳಿ: ನಮ್ಮ ಪಾಲಿಕೆಯ ಇಷ್ಟು ಮೈದಾನಗಳಲ್ಲಿ ಒಂದನ್ನು, ಒಂದೇ ಒಂದನ್ನು, ಸಂಜೆ ನಾಲ್ಕರಿಂದ ಆರೂವರೆವರೆಗೆ ಹೆಣ್ಣುಮಕ್ಕಳ ಹಾಕಿಗೆ ಬಿಡುತ್ತೀರಾ? ದೀಪ ಹಾಕಿಸುತ್ತೀರಾ? ಹೆಂಗಸರ ಶೌಚಾಲಯ ಕಟ್ಟಿಸುತ್ತೀರಾ? ಟರ್ಫು ಕೊಡುತ್ತೇವೆ ಅಂತ ದೊಡ್ಡ ಮಾತಾಡಿದರೆ ನಂಬಬೇಡಿ. ಮಟ್ಟ ಮಾಡಿದ ಮಣ್ಣು, ಬೀಗ ಹಾಕದ ಗೇಟು, ಇಷ್ಟು ಕೊಟ್ಟರೆ ಸಾಕು ಅನ್ನಿ.

ಅಂಗಡಿಯವರಿಗೂ ಒಂದು ಮಾತು. ಗಣೇಶನ ಚಂದಾ, ರಾಜ್ಯೋತ್ಸವದ ಚಂದಾ, ಕ್ರಿಕೆಟ್ ಟೂರ್ನಮೆಂಟಿನ ಚಂದಾ ಎಲ್ಲ ಕೊಟ್ಟು ಸಾಕಾಗಿದೆ ಅಂತ ಗೊತ್ತು. ಆದರೆ ಒಂದು ಬೀದಿಯ ಅಂಗಡಿಗಳು ಸೇರಿ ಒಂದು ಶಾಲೆಗೆ ಹನ್ನೊಂದು ಸ್ಟಿಕ್ಕು, ಒಂದಷ್ಟು ಚೆಂಡು, ಗೋಲಿಗೆ ಪ್ಯಾಡು ಕೊಡಿಸಿದರೆ ಅದು ಒಂದೇ ರಾತ್ರಿಗೆ ಹೋಗುವ ಪಟಾಕಿ ಖರ್ಚಲ್ಲ. ನಾಲ್ಕು ವರ್ಷ ಬಾಳುತ್ತೆ. ಸಿಮ್ಡೇಗಾದವರು ಮೇಕೆ ಕೊಟ್ಟು ಒಲಿಂಪಿಕ್ಸಿಗೆ ಹುಡುಗಿ ಕಳಿಸಿದರು. ನಾವು ಮೇಕೆಯೂ ಕೊಡಬೇಕಾಗಿಲ್ಲ.

ಗೆಲುವು ಠೇವಣಿ ಅಲ್ಲ

ಇಷ್ಟು ಅವಸರ ಯಾಕೆ ಅಂದರೆ, ಟೋಕಿಯೊದ ಬಡ್ಡಿ ತಿಂದು ಎಷ್ಟು ದಿನ ಕೂರೋದು? 2022ರಲ್ಲಿ ಕಾಮನ್‌ವೆಲ್ತ್ ಕಂಚು ಬಂತು, ಸಂತೋಷ. ಆದರೆ 2024ರ ಜನವರಿ 19ರಂದು ರಾಂಚಿಯಲ್ಲಿ ಜಪಾನಿಗೆ 0-1ರಿಂದ ಸೋತು ಇದೇ ತಂಡ ಪ್ಯಾರಿಸ್ ಒಲಿಂಪಿಕ್ಸಿಗೇ ಹೋಗಲಿಲ್ಲ. ಅದೇ ಪ್ಯಾರಿಸ್ಸಿನಲ್ಲಿ ಗಂಡಸರು ಮತ್ತೆ ಕಂಚು ಗೆದ್ದರು. 2025ರಲ್ಲಿ ಹೆಂಗಸರ ತಂಡ ಪ್ರೊ ಲೀಗಿನಲ್ಲಿ ಕೊನೆಗೆ ಬಂದು ಕೆಳಗಿನ ದರ್ಜೆಗೆ ಇಳಿಯಿತು. ಅದೇ ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್ಪಿನ ಫೈನಲಿನಲ್ಲಿ ಚೀನಾಕ್ಕೆ 1-4. ಒಂದು ತಂಡ ಮೇಲೆ ಬರಲು ಐದು ವರ್ಷ ಬೇಕು, ಜಾರಲು ಒಂದು ಸಂಜೆ ಸಾಕು. ಕೆಳಗಿಂದ ಹೊಸ ಹುಡುಗಿಯರು ಬರುತ್ತಲೇ ಇರಬೇಕು. ಎರಡು ಮೂರು ರಾಜ್ಯದ ಮೇಲೆ ದೇಶದ ತಂಡ ನಿಂತರೆ ಹೀಗೇ ಆಗುವುದು.

ನಮ್ಮ ರಾಜ್ಯದ ಸ್ಥಿತಿಗೆ ಇನ್ನೊಂದು ಸಾಕ್ಷಿ. 2024ರ ಡಿಸೆಂಬರಿನಲ್ಲಿ ಹಾಕಿ ಇಂಡಿಯಾ ಲೀಗ್ ಮತ್ತೆ ಶುರುವಾದಾಗ ಗಂಡಸರ ಎಂಟು ತಂಡ, ಮೊದಲ ಸಲ ಹೆಂಗಸರ ನಾಲ್ಕು ತಂಡ ಕಟ್ಟಿದರು. ಒಂದರಲ್ಲೂ ಬೆಂಗಳೂರಿನ ಹೆಸರಿಲ್ಲ. ಕೋಟಿಗಟ್ಟಲೆ ಕಂಪನಿಗಳು ಕೂತಿರುವ ಊರು ಇದು. ಹಣ ಹಾಕಲು ಒಬ್ಬರೂ ಮುಂದೆ ಬರಲಿಲ್ಲ ಅಂದರೆ, ನೋಡುವ ಜನ ಇಲ್ಲ ಅಂತ ಅವರು ಲೆಕ್ಕ ಹಾಕಿದ್ದಾರೆ. ಆ ಲೆಕ್ಕ ತಪ್ಪು ಅಂತ ತೋರಿಸುವ ಕೆಲಸ ನಮ್ಮದು.

ಕೊನೇ ಬೆಂಚಿನಿಂದ ನಾಲ್ಕನೇ ಸ್ಥಾನಕ್ಕೆ ಬಂದ ಹುಡುಗಿಯರು ನಮ್ಮ ಅಂಗಳದಲ್ಲಿ ಬೆವರು ಸುರಿಸಿದರು. ಮೂರು ಪಂದ್ಯ ಸೋತ ಮೇಲೂ ನಾಲ್ಕನೆಯದಕ್ಕೆ ಇಳಿಯಬೇಕು ಅನ್ನುವುದನ್ನು ತೋರಿಸಿಕೊಟ್ಟರು. ಬೆಂಗಳೂರು ಹೆಂಗಸರ ಹಾಕಿಯಲ್ಲಿ ಸೋತು ಕೂತು ಬಹಳ ವರ್ಷವಾಯಿತು. ಪಂದ್ಯ ಇನ್ನೂ ಮುಗಿದಿಲ್ಲ. ಮುಂದಿನ ಯಾವುದೋ ಒಲಿಂಪಿಕ್ಸಿನ ಹದಿನಾರರ ಪಟ್ಟಿಯಲ್ಲಿ ರಾಜಾಜಿನಗರದ್ದೋ ಕೆಂಗೇರಿಯದ್ದೋ ಒಂದು ಹೆಸರು ಇರಬೇಕಾದರೆ, ಆ ಹುಡುಗಿ ಈಗ ನಾಲ್ಕನೇ ಕ್ಲಾಸಿನಲ್ಲಿ ಇದ್ದಾಳೆ. ನಿಮ್ಮ ಅಂಗಡಿಗೆ ಪೆನ್ಸಿಲ್ಲು ಕೊಳ್ಳಲು ಬರುವವಳೇ ಇರಬಹುದು. ಅವಳ ಶಾಲೆಯ ಹತ್ತಿರದ ಮೈದಾನದ ಗೇಟಿಗೆ ಬೀಗ ಹಾಕಿದ್ದಾರೆಯೇ, ಇಲ್ಲವೇ? ನಾಳೆ ಹೋಗುವಾಗ ಒಂದು ಸಲ ನೋಡಿ ಬನ್ನಿ.